ಡುಮ್ಮಿಯ ಎಡ, ಡುಮ್ಮಿಯ ಬಲ

ಗಡಿಯಾರದ ಅಂಗಡಿಯವರಿಗೆ ಬೆಳಗಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅಂಗಿಯ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡೇ ಮನೆಯಿಂದ ಹೊರಟುಬಂದಿದ್ದರು. ಶೆಡ್ಡಿನ ಬಾಗಿಲಲ್ಲಿ ಮಗಳು ಅವನ್ನೆಲ್ಲ ಬಿಚ್ಚಿ ಮತ್ತೆ ಸರಿಯಾಗಿ ಹಾಕುತ್ತ, "ಅಪ್ಪಾ, ಇವತ್ತು ಪರೀಕ್ಷೆ ಇರೋದು ಡುಮ್ಮಿಗೆ, ನಿನಗಲ್ಲ" ಎಂದಳು.

"ಡುಮ್ಮಿ ಫೇಲಾದ್ರೆ ನಾನು ಪಾಸಾಗಿ ಏನು ಮಾಡ್ಲಮ್ಮಾ?"

ಡುಮ್ಮಿ ಎಂದರೆ ಹಬೆ ಎಂಜಿನ್. ಕಾಗದದ ಕಾರ್ಖಾನೆಯ ಅಂಗಳದಲ್ಲಿ ಮರದ ದಿಮ್ಮಿ ತುಂಬಿದ ಗಾಡಿಗಳನ್ನು ಎಳೆದುಕೊಂಡು ಓಡಾಡಿದ್ದ ಗಿಡ್ಡ, ದಪ್ಪ ಎಂಜಿನ್. ಕಾರ್ಖಾನೆ ಮುಚ್ಚಿದ ಮೇಲೆ ಮುಳ್ಳುಗಿಡಗಳ ನಡುವೆ ತುಕ್ಕು ಹಿಡಿಯುತ್ತ, ಹೊಗೆಕೊಳವೆಯಲ್ಲಿ ಹಕ್ಕಿಗಳಿಗೆ ಗೂಡು ಕಟ್ಟಲು ಜಾಗ ಕೊಟ್ಟು ನಿಂತಿದ್ದ ಅದನ್ನು ಊರಿನ ಕೆಲವರು ಸೇರಿ ಈ ಹಳೆಯ ಶೆಡ್ಡಿಗೆ ತಂದಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಭಾನುವಾರ ಬಂತೆಂದರೆ ಎಲ್ಲರೂ ಇಲ್ಲಿ ಹಾಜರು. ಸಂಜೆ ಮನೆಗೆ ಹೋಗುವಾಗ ಹೆಂಡತಿ ಮಕ್ಕಳಿಗೂ ಗುರುತು ಸಿಗದಷ್ಟು ಕಪ್ಪು.

ಶೆಡ್ಡಿನ ಜಾಗ ಮಾತ್ರ ನಗರಸಭೆಯದು. ಅಧ್ಯಕ್ಷರು ನಗುನಗುತ್ತಲೇ ಒಂದು ಮಾತು ಹೇಳಿದ್ದರು. ಎಂಜಿನ್ ತನ್ನ ಹಬೆಯಿಂದ ತಾನೇ ಓಡಿದರೆ ಶೆಡ್ಡೂ ಹಳಿಯೂ ನಿಮಗೇ ಇರಲಿ. ಓಡದಿದ್ದರೆ ಕ್ರೇನು ತರಿಸಿ ಎತ್ತಿ, ಬಸ್ ನಿಲ್ದಾಣದ ಎದುರು ಕಟ್ಟೆಯ ಮೇಲೆ ಕೂರಿಸುತ್ತೇವೆ, ಜನ ಫೋಟೋ ತೆಗೆಸಿಕೊಳ್ಳಲಿ. ಆ ಸಿಮೆಂಟು ಕಟ್ಟೆ ಈಗಾಗಲೇ ಎದ್ದಿತ್ತು. ಗಡಿಯಾರದವರು ಅಂಗಡಿಗೆ ಹೋಗುವ ದಾರಿಯಲ್ಲೇ ಅದು. ದಿನವೂ ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದರು. ಡುಮ್ಮಿಯ ಚಕ್ರಗಳಿಗೆ ಸಿಮೆಂಟು ಮೆತ್ತುತ್ತಿರುವುದನ್ನು ಕಂಡು ನಿದ್ದೆಯಲ್ಲಿ ಬೆಚ್ಚಿಬಿದ್ದದ್ದೂ ಉಂಟು. ಅವರಿಗೆ ಇದ್ದ ಆಸೆ ದೊಡ್ಡದೇನಲ್ಲ: ಒಂದು ಸಲ ಅದು ತಾನಾಗಿ ನಡೆಯುವುದನ್ನು ಕಣ್ಣಾರೆ ನೋಡಬೇಕು.

ಇವತ್ತು ನೋಡಬಹುದಿತ್ತು. ಬಾಯ್ಲರಿನ ಪರೀಕ್ಷೆ ಹೋದ ವಾರವೇ ಮುಗಿದಿತ್ತು. ಹೊರಗಿನ ಹಳಿ ಜೋಡಿಸಿದ್ದು ನಿನ್ನೆ. ಇನ್ನು ಚಕ್ರ ತಿರುಗುವುದೊಂದೇ ಬಾಕಿ. ಆದರೆ ಅವರ ಅಳುಕು ಇದ್ದದ್ದು ಅಲ್ಲೇ.

ಡುಮ್ಮಿಯ ಹೊಟ್ಟೆಯ ಕೆಳಗೆ, ಚಕ್ರಗಳ ನಡುವೆ, ಹಬೆಗೆ ದಾರಿ ತೋರಿಸುವ ಸರಳುಗಳಿವೆ. ಪ್ರತಿ ಬದಿಗೂ ಬಿಲ್ಲಿನಂತೆ ಬಾಗಿದ ಒಂದು ಕಬ್ಬಿಣದ ಪಟ್ಟಿ. ಅದರ ಮೇಲಿನ ತುದಿಗೆ ಒಂದು ಸರಳು, ಕೆಳಗಿನ ತುದಿಗೆ ಇನ್ನೊಂದು. ಡ್ರೈವರು ಲಿವರನ್ನು ಮುಂದಕ್ಕೆ ನೂಕಿದರೆ ಒಂದು ಸರಳಿನ ಆಳ್ವಿಕೆ, ಎಂಜಿನ್ ಮುಂದೆ ಹೋಗುತ್ತದೆ. ಹಿಂದಕ್ಕೆ ಎಳೆದರೆ ಇನ್ನೊಂದರ ಆಳ್ವಿಕೆ, ಹಿಂದೆ ಹೋಗುತ್ತದೆ. ಎಡಬದಿಯ ಸರಳು ಜೋಡಿಸುವ ಕೆಲಸ ಗಡಿಯಾರದವರದು. ಬಲಬದಿಯದು ಅವರ ಬೀಗರದು.

ಬೀಗರೆಂದರೆ ಮಗಳ ಮಾವ, ಹಲ್ಲಿನ ಡಾಕ್ಟರು. ಭಾನುವಾರವೆಲ್ಲ ಗಡಿಯಾರದವರು ಎಲ್ಲಿ ಮಾಯವಾಗುತ್ತಾರೆ ಎಂದು ನೋಡಲು ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಬಂದವರು, ಡುಮ್ಮಿಯ ಬಾಯೊಳಗೆ ಇಣುಕಿದ್ದೇ ಇಣುಕಿದ್ದು, ಮತ್ತೆ ಹೊರಡಲಿಲ್ಲ. ಬಿಳಿ ಪ್ಯಾಂಟು ಆಮೇಲೆ ನೆಲ ಒರೆಸಲು ಆಯಿತು. ಇಬ್ಬರ ನಡುವೆ ಮರ್ಯಾದೆಗೆ ಎಳ್ಳಷ್ಟೂ ಕೊರತೆಯಿಲ್ಲ. "ಬನ್ನಿ ಬೀಗರೇ", "ನೀವು ಹೇಳಿದ ಹಾಗೇ ಆಗ್ಲಿ ಬೀಗರೇ." ಒಳಗೊಳಗೆ ಮಾತ್ರ ಬೇರೆ ಲೆಕ್ಕ. ಇವರು ಒಂದು ಬೋಲ್ಟನ್ನು ಹೊಳೆಯುವಂತೆ ಉಜ್ಜಿದರೆ ಅವರು ತಮ್ಮ ಬದಿಯದನ್ನು ಮುಖ ನೋಡಿಕೊಳ್ಳುವಂತೆ ಉಜ್ಜುವರು. ಹೀಗಿರುವಾಗ, "ಇದು ನನಗೆ ಗೊತ್ತಾಗ್ತಿಲ್ಲ, ಸ್ವಲ್ಪ ಹೇಳಿ" ಎಂದು ಬೀಗರನ್ನು ಕೇಳುವುದುಂಟೆ?

ಗೊತ್ತಾಗದೆ ಇದ್ದದ್ದು ನಿಜ. ಯಾವ ಸರಳು ಮೇಲೆ, ಯಾವುದು ಕೆಳಗೆ? ಹಳೆಯ ನಕ್ಷೆಯಲ್ಲಿ ಸರಿಯಾಗಿ ಅದೇ ಮೂಲೆಯನ್ನು ಹುಳ ತಿಂದಿತ್ತು. ಒಂದು ಭಾನುವಾರ ಬೀಗರು ಕೈ ತೊಳೆಯಲು ಹೋದ ಹೊತ್ತು ನೋಡಿ ಗಡಿಯಾರದವರು ಟಾರ್ಚು ಹಿಡಿದು ಬಲಬದಿಗೆ ನುಸುಳಿದರು. ಅಲ್ಲಿ ಎಲ್ಲವೂ ಕೂತಿತ್ತು, ಬಿಗಿದಿತ್ತು, ಗ್ರೀಸು ಕೂಡ ಹಚ್ಚಿಯಾಗಿತ್ತು. ಅದನ್ನೇ ನೋಡಿಕೊಂಡು ಬಂದು ತಮ್ಮ ಬದಿಯಲ್ಲೂ ಹಾಗೆಯೇ ಬಿಗಿದರು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಅವರ ಮನಸ್ಸಿನಲ್ಲಿ ಒಂದೇ ಕೊರೆತ: ನೋಡಿದ್ದು ಸರಿಯಾಗಿ ನೋಡಿದೆನೋ ಇಲ್ಲವೋ.

ರೈಲ್ವೆಯಿಂದ ಬಂದ ಪರೀಕ್ಷಕರು ಸಣಕಲು ಮನುಷ್ಯ. ನಗುವನ್ನು ಮನೆಯಲ್ಲೇ ಇಟ್ಟು ಬಂದವರಂತೆ ಕಂಡರು. ಡುಮ್ಮಿಯನ್ನು ಸುತ್ತು ಹಾಕಿ, ಇಲ್ಲಿ ತಟ್ಟಿ ಅಲ್ಲಿ ಕುಟ್ಟಿ, "ಹ್ಞೂಂ" ಎಂದರು. ಹೊಗೆ ತಾಗದಿರಲಿ ಎಂದು ಅಧ್ಯಕ್ಷರಿಗೂ ಬಂದವರಿಗೂ ಶೆಡ್ಡಿನ ಒಳಗೆ, ಎಂಜಿನ್ನಿನ ಹಿಂದೆ, ಕುರ್ಚಿ ಹಾಕಿ ಚಹಾ ಕೊಟ್ಟಿದ್ದರು. ಗಡಿಯಾರದವರ ಮಗಳು ಬೇಕರಿ ನಡೆಸುವವಳು, ಅವಳಿಗೆ ಬೆಂಕಿಯ ಜವಾಬ್ದಾರಿ. ತಲೆಗೆ ಬಟ್ಟೆ ಬಿಗಿದುಕೊಂಡು ಕಲ್ಲಿದ್ದಲು ಎತ್ತಿ ಹಾಕುತ್ತಿದ್ದಳು. ಸಿಟಿ ಬಸ್ಸು ಓಡಿಸಿ ನಿವೃತ್ತಳಾಗಿ, ಆಮೇಲೆ ಹಟ ಹಿಡಿದು ಹಬೆ ಎಂಜಿನ್ನು ಓಡಿಸಲೂ ಕಲಿತು ಬಂದಿದ್ದ ಡ್ರೈವರಕ್ಕ ಲಿವರಿನ ಮುಂದೆ ನಿಂತಿದ್ದಳು.

"ರೈಟ್! ಮುಂದೆ ಹೋಗ್ಲಿ!" ಪರೀಕ್ಷಕರು ಕೈ ಬೀಸಿದರು.

ಡ್ರೈವರಕ್ಕ ಲಿವರನ್ನು ಮುಂದಕ್ಕೆ ನೂಕಿ ಹಬೆ ಬಿಟ್ಟಳು. ಡುಮ್ಮಿ ಒಮ್ಮೆ ನಿಟ್ಟುಸಿರಿಟ್ಟಿತು. ಎರಡೂ ಬದಿಯಿಂದ ಬಿಳಿ ಹಬೆ ಚಿಮ್ಮಿತು. ಚಕ್ರ ಅಲುಗಿತು, ಅಲುಗಿತು, ತಿರುಗಿತು!

ತಿರುಗಿದ್ದು ಹಿಂದಕ್ಕೆ.

ಡುಮ್ಮಿ ಗಂಭೀರವಾಗಿ, ಅವಸರವಿಲ್ಲದೆ, ಅತಿಥಿಗಳ ಕಡೆಗೆ ನಡೆಯಿತು. ಅಧ್ಯಕ್ಷರು ಚಹಾದ ಲೋಟ ಕೈಯಲ್ಲಿರುವಂತೆಯೇ ಕುರ್ಚಿಯ ಮೇಲೆ ಹತ್ತಿ ನಿಂತರು. "ಬ್ರೇಕು! ಬ್ರೇಕು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಡ್ರೈವರಕ್ಕ ಅದಾಗಲೇ ಬ್ರೇಕು ಹಾಕಿದ್ದಳು. ಡುಮ್ಮಿಯ ಹಿಂಭಾಗ ಚಹಾದ ಮೇಜನ್ನು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಒಂದು ಗೇಣು ಸರಿಸಿ ನಿಂತಿತು. ಲೋಟಗಳು ಕಿಣಿಕಿಣಿ ಎಂದವು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. "ಲಿವರ್ ಮುಂದೆ, ಗಾಡಿ ಹಿಂದೆ. ಇದಕ್ಕೆ ಏನಂತೀರಿ?"

ಬೀಗರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ಸಾರ್, ಓಡೋದಂತೂ ಓಡುತ್ತೆ. ಲಿವರ್ ಹಿಂದಕ್ಕೆ ಎಳೆದ್ರೆ ಮುಂದೆ ಹೋಗುತ್ತೆ. ಬೇಕಾದ್ರೆ ಒಂದು ಬೋರ್ಡು ಬರೆದು ಹಾಕ್ತೀವಿ."

"ನೀವು ಹಲ್ಲಿನ ಡಾಕ್ಟ್ರಲ್ವಾ? ಮೇಲಿನ ಹಲ್ಲು ನೋವು ಅಂತ ಬಂದವರಿಗೆ ಕೆಳಗಿನದು ಕಿತ್ತು, ಬೋರ್ಡು ಹಾಕಿದೀವಿ ಅಂತೀರಾ?"

ಬೀಗರ ಮುಖ ಹುಳ್ಳಗಾಯಿತು. ಪರೀಕ್ಷಕರು ಹೊರಗಿನ ಬಿಸಿಲು ನೋಡಿದರು. "ಬೆಳಕಿರೋ ತನಕ ಇಲ್ಲೇ ಇರ್ತೀನಿ. ಅಷ್ಟರಲ್ಲಿ ಸರಿ ಮಾಡಿದ್ರೆ ನೋಡ್ತೀನಿ. ಇಲ್ಲಾಂದ್ರೆ ಆಗಲ್ಲ ಅಂತ ಬರೀಬೇಕಾಗುತ್ತೆ." ಅಧ್ಯಕ್ಷರು ಕುರ್ಚಿಯಿಂದ ಇಳಿಯುತ್ತ, ಕ್ರೇನಿನವನಿಗೆ ನಾಳೆ ಬರಲು ಹೇಳಿಟ್ಟಿರುವುದನ್ನು ಪಕ್ಕದವರ ಕಿವಿಯಲ್ಲಿ ಹೇಳಿದರು. ಆದರೆ ಅವರ ಪಿಸುಮಾತು ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಗಡಿಯಾರದವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸುಮ್ಮನಿದ್ದರೆ ಎಲ್ಲಿ ತಪ್ಪೆಂದು ಹುಡುಕುವುದರಲ್ಲೇ ಬೆಳಕು ಮುಗಿಯುತ್ತದೆ. ಹೇಳಿದರೆ ಬೀಗರ ಮುಂದೆ ಮಾನ ಹೋಗುತ್ತದೆ. ಅವರು ಡುಮ್ಮಿಯ ಕಡೆ ನೋಡಿದರು. ಅದು ಬೆಚ್ಚಗೆ ಉಸಿರಾಡುತ್ತ ನಿಂತಿತ್ತು.

"ಎಡಬದಿ ತಪ್ಪಾಗಿದೆ" ಎಂದುಬಿಟ್ಟರು. "ಸರಳು ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಹೋಗಿದೆ. ನಾನೇ ಹಾಕಿದ್ದು."

ಡ್ರೈವರಕ್ಕ ಮೇಲಿನಿಂದ ತಲೆ ಹೊರಹಾಕಿದಳು. "ಅಣ್ಣಾ, ಒಂದೇ ಬದಿ ತಪ್ಪಾಗಿದ್ರೆ ಇದು ಅಲ್ಲಾಡ್ತಾನೇ ಇರ್ಲಿಲ್ಲ. ಒಂದು ಮುಂದೆ ತಳ್ಳುತ್ತೆ, ಇನ್ನೊಂದು ಹಿಂದೆ ಎಳೆಯುತ್ತೆ. ಇಷ್ಟು ಚೆನ್ನಾಗಿ ಹಿಂದೆ ಹೋಗಿದೆ ಅಂದ್ರೆ ಎರಡು ಬದಿನೂ ತಪ್ಪು. ಒಂದೇ ಥರದ ತಪ್ಪು."

ಎಲ್ಲರೂ ಬೀಗರ ಕಡೆ ತಿರುಗಿದರು.

"ಅದು ಹೇಗಾಗುತ್ತೆ?" ಬೀಗರು ತಡವರಿಸಿದರು. "ನಾನು ನಿಮ್ಮದನ್ನ ನೋಡಿಕೊಂಡೇ ಅಲ್ವಾ ಹಾಕಿದ್ದು!"

"ನನ್ನದನ್ನಾ? ಯಾವಾಗ?"

"ನಿಮಗೆ ಜ್ವರ ಅಂತ ಬರಲಿಲ್ವಲ್ಲ, ಆ ಭಾನುವಾರ. ಬೀಗರು ಹಾಕಿಟ್ಟಿದ್ದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ..."

"ಅಯ್ಯೋ ದೇವರೇ! ಆವಾಗ ನಾನಿನ್ನೂ ಹಾಕಿರಲೇ ಇಲ್ಲ ಬೀಗರೇ! ನೆಲದ ಮೇಲೆ ಬಿದ್ದು ಹಾಳಾಗದಿರಲಿ ಅಂತ ಸಿಕ್ಕಿದ ಕಡೆ ನೇತುಹಾಕಿ ಹೋಗಿದ್ದೆ. ಆಮೇಲೆ ಬಂದು, ನಿಮ್ಮದನ್ನ ನೋಡಿ ನಾನು ಬಿಗಿದದ್ದು!"

ಮಗಳು ಸಲಿಕೆಯನ್ನು ಠಣ್ಣೆಂದು ಕೆಳಗಿಟ್ಟಳು. "ಅಪ್ಪ ಮಾವನ್ನ ನೋಡಿ, ಮಾವ ಅಪ್ಪನ್ನ ನೋಡಿ! ಅಲ್ಲಾ, ಬಾಯಿಬಿಟ್ಟು ಒಬ್ಬರನ್ನೊಬ್ಬರು ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

"ಬೀಗರನ್ನ ಕೇಳೋದಾ?" ಇಬ್ಬರೂ ಒಟ್ಟಿಗೆ ಅಂದರು.

ಡ್ರೈವರಕ್ಕ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. ಅಧ್ಯಕ್ಷರ ಚಹಾ ಕೊನೆಗೂ ಚೆಲ್ಲಿತು. ಪರೀಕ್ಷಕರು ಗೋಡೆಯ ಕಡೆ ಮುಖ ಮಾಡಿ ನಿಂತರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ನಗು ಇಳಿಯುವಷ್ಟರಲ್ಲಿ ಬಿಸಿಲೂ ಒಂದಿಷ್ಟು ಇಳಿದಿತ್ತು. ಚಕ್ರಗಳಿಗೆ ಮರದ ತುಂಡು ಕೊಟ್ಟು, ಹಬೆಯ ದಾರಿ ಮುಚ್ಚಿ, ಮಗಳು ಬೆಂಕಿಯನ್ನು ಮಂದ ಮಾಡಿದಳು. ಆರಿಸಿದರೆ ಮತ್ತೆ ಹಬೆ ಏಳುವಷ್ಟರಲ್ಲಿ ಕತ್ತಲಾಗುತ್ತದೆ, ಉರಿಸಿದರೆ ಕೆಳಗೆ ಹೋದವರು ಬೇಯುತ್ತಾರೆ. ಬೀಗರಿಬ್ಬರೂ ಹಳಿಗಳ ನಡುವಿನ ಗುಂಡಿಗೆ ಇಳಿದರು. ತಲೆಯ ಮೇಲೆ ಡುಮ್ಮಿಯ ಹೊಟ್ಟೆ. ಬಿಸಿ ನೀರು ತೊಟ್ಟಿಕ್ಕುತ್ತಿತ್ತು, ಬಿಸಿ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಸರಳು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಒಬ್ಬರು ಭಾರ ಹೊರಬೇಕು, ಇನ್ನೊಬ್ಬರು ಪಿನ್ನು ತೆಗೆದು ಹಾಕಬೇಕು.

"ನೀವು ತೆಗೀರಿ ಬೀಗರೇ, ನಾನು ಹಿಡ್ಕೋತೀನಿ."

"ಛೆ ಛೆ, ನೀವು ತೆಗೀರಿ, ಭಾರ ನನಗಿರಲಿ."

"ಮರ್ಯಾದೆ ಆಮೇಲೆ ಮಾಡ್ಕೊಳ್ಳಿ!" ಮೇಲಿನಿಂದ ಮಗಳ ದನಿ. "ಬೆಂಕಿ ಕಾಯಲ್ಲ!"

ಮೊದಲ ಪಿನ್ನು ಜಗ್ಗಲಿಲ್ಲ. ಬೀಗರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಆ ಕಡೆಯಿಂದ, ಈ ಕಡೆಯಿಂದ. ಹಲ್ಲು ಕೀಳುವಾಗ ಹೇಳುವ ಮಾತು ಅವರ ಬಾಯಿಂದ ತಾನಾಗಿ ಬಂತು: "ಸ್ವಲ್ಪ ನೋವಾಗುತ್ತೆ, ಆಯ್ತು, ಆಯ್ತು, ಆಗೋಯ್ತು." ಪಿನ್ನು ಸರಕ್ಕನೆ ಹೊರಬಂತು. ಅದರ ಜೊತೆಗೇ ಸರಳಿನ ಪೂರ್ತಿ ಭಾರ ಗಡಿಯಾರದವರ ತೋಳಿಗೆ ಬಂದು ಅವರ ಮೊಣಕಾಲು ಮಡಚಿತು.

"ಹಿಡ್ಕೊಳ್ಳಯ್ಯಾ!" ಎಂದು ಅರಚಿದರು. "ಏನು ನೋಡ್ತಾ ನಿಂತಿದೀಯ!"

ಅರಚಿದ ಮೇಲೆ ಅವರಿಗೇ ಗೊತ್ತಾಯಿತು. ಬೀಗರನ್ನು ಏಕವಚನದಲ್ಲಿ! ಮಗಳ ಸಂಸಾರವೆಲ್ಲ ಕಣ್ಮುಂದೆ ಹಾದುಹೋಯಿತು. ಸರಳು ಬಿಟ್ಟು ಕೈಮುಗಿಯೋಣವೆಂದರೆ ಸರಳು ಬೀಗರ ಕಾಲ ಮೇಲೆ ಬೀಳುತ್ತದೆ.

ಬೀಗರು ಭುಜ ಕೊಟ್ಟು ಸರಳನ್ನು ಎತ್ತಿದರು. "ಹಿಡ್ಕೊಂಡಿದೀನಿ ಕಣಯ್ಯಾ, ಕೂಗಬೇಡ! ಬೇಗ ತೂರಿಸು ಪಿನ್ನನ್ನ!"

ಅಲ್ಲಿಂದ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು ಎಂದರೆ ಸುಳ್ಳಾದೀತು. ಬೆರಳು ಜಜ್ಜಿತು, ಟಾರ್ಚು ಗುಂಡಿಯ ನೀರಿಗೆ ಬಿತ್ತು, ಬೀಗರ ಬೊಕ್ಕತಲೆಗೆ ಡುಮ್ಮಿಯೇ ಒಂದು ಸಲ ಗುದ್ದಿತು. ಆದರೆ ಗುಂಡಿಯಿಂದ ಬರುತ್ತಿದ್ದ ಮಾತು ಕೇಳಲು ಮೇಲಿನವರೆಲ್ಲ ಬಗ್ಗಿ ನಿಂತಿದ್ದರು.

"ಇದು ಕೂತಿಲ್ಲ, ಅಲ್ವಾ?"

"ಗೊತ್ತಿಲ್ಲ ಕಣೋ. ನಿನಗೆ ಏನನ್ಸುತ್ತೆ?"

"ನನಗೂ ಗೊತ್ತಿಲ್ಲ. ಅಕ್ಕನ್ನ ಕೇಳೋಣ. ಅಕ್ಕಾ! ಸ್ವಲ್ಪ ಇಳಿದು ನೋಡ್ತೀಯಾ?"

ಎಡ ಮುಗಿಸಿ ಬಲಕ್ಕೆ ಬಂದರು. ಬಲ ಮುಗಿಸಿ ಮೇಲೆ ಹತ್ತಿದಾಗ ಯಾರು ಬೀಗರು, ಯಾರು ಗಡಿಯಾರದವರು ಎಂದು ತಿಳಿಯಲು ಎತ್ತರ ನೋಡಬೇಕಾಯಿತು. ಬಿಸಿಲು ಶೆಡ್ಡಿನ ಬಾಗಿಲಿಂದ ಉದ್ದಕ್ಕೆ ಬಿದ್ದಿತ್ತು. ಮಗಳು ಬೆಂಕಿ ಎಬ್ಬಿಸಿದಳು. ಹಬೆಯ ಒತ್ತಡ ತೋರಿಸುವ ಮುಳ್ಳು ನಿಧಾನಕ್ಕೆ ಮೇಲೇರಿತು. ಅಧ್ಯಕ್ಷರು ಈ ಸಲ ಹೊರಗೆ ಹೋಗಿ ನಿಂತರು.

ಪರೀಕ್ಷಕರು ಎಂಜಿನ್ನು ಹತ್ತಿ ಡ್ರೈವರಕ್ಕನ ಪಕ್ಕ ನಿಂತು, "ಮುಂದೆ" ಎಂದರು.

ಲಿವರು ಮುಂದಕ್ಕೆ ಹೋಯಿತು. ಗಡಿಯಾರದವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಲ್ಲಿ ಸಿಮೆಂಟು ಕಟ್ಟೆ ಕಂಡಿತು, ಬೇಡವೆಂದು ತೆರೆದರು. ಡುಮ್ಮಿ ಬುಸ್ಸೆಂದಿತು. ಚಕ್ರದ ಮೇಲೆ ಬಿದ್ದ ಬಿಸಿಲು ನಿಂತಲ್ಲೇ ನಡುಗಿತು, ಜಾರಿತು, ಉರುಳಿತು. ಬಾಗಿಲ ಕಡೆಗೆ. ಹೊರಗೆ. ಮುಂದಕ್ಕೆ!

ಜನ ಹೋ ಎಂದರು. ಬೀಗರು ಗಡಿಯಾರದವರನ್ನು ಅಪ್ಪಿ ಎತ್ತಿಯೇಬಿಟ್ಟರು. ಗಡಿಯಾರದವರಿಗೆ ನಗು ಬಂತೋ ಅಳು ಬಂತೋ ಅವರಿಗೇ ತಿಳಿಯಲಿಲ್ಲ. ಮಸಿಯ ಮುಖದಲ್ಲಿ ಎರಡು ಬಿಳಿ ಗೆರೆಗಳು ಮಾತ್ರ ಇಳಿದಿದ್ದವು. ಬಿಡಿಸಿಕೊಂಡು ಡುಮ್ಮಿಯ ಪಕ್ಕದಲ್ಲೇ ನಡೆದರು. ಮೊದಲು ನಡೆದರು, ಆಮೇಲೆ ಓಡಿದರು, ವಯಸ್ಸಿನ ನೆನಪೇ ಇಲ್ಲದವರಂತೆ. ಮಗಳು ಮೇಲಿನಿಂದ ಕೈ ಚಾಚಿ, "ಹತ್ತಪ್ಪಾ!" ಎಂದು ಎಳೆದುಕೊಂಡಳು.

ಹಳಿಯ ಕೊನೆಯ ನೀರಿನ ತೊಟ್ಟಿ ಮುಟ್ಟಿ, ಲಿವರು ಹಿಂದೆ, ಗಾಡಿ ಹಿಂದೆ. ಡುಮ್ಮಿ ಹೇಳಿದ ಮಾತು ಕೇಳುವ ಮಗುವಿನಂತೆ ವಾಪಸು ಬಂತು. ಪರೀಕ್ಷಕರು ಕೆಳಗಿಳಿಯಲಿಲ್ಲ. ಅದೇ ಗಂಭೀರ ಮುಖದಲ್ಲಿ, "ಪಾಸು. ಆದ್ರೆ ಒಂದು ಸದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೋಗಬೇಕಾಗುತ್ತೆ" ಎಂದರು.

"ಯಾವ ಸದ್ದು ಸಾರ್?" ಡ್ರೈವರಕ್ಕ ಕೇಳಿದಳು.

"ಅದೇ... ಈ ಸೀಟಿ. ನಾನು ಎಳೀಬಹುದಾ?"

ಎಳೆದರು. ಎಳೆದೇ ಎಳೆದರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಕೆಳಗೆ ಅಧ್ಯಕ್ಷರು ಒಂದು ಕಿವಿಗೆ ಬೆರಳು ತುರುಕಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿಕೊಂಡು, ಕ್ರೇನಿನವನಿಗೆ ಕೂಗಿ ಹೇಳುತ್ತಿದ್ದರು: "ಬೇಡಪ್ಪಾ, ಬರಬೇಡ! ಇಲ್ಲಪ್ಪಾ, ಎತ್ತೋದೆಲ್ಲಿಂದ ಬಂತು, ಅದು ನಿಲ್ತಾನೇ ಇಲ್ಲ!"