ಮೇಷ್ಟ್ರ ಒಪ್ಪಿಗೆ

"ಕೇಳಿ ನೋಡಮ್ಮ, ಹೂಂ ಅಂತಾರೆ," ಎಂದರು ಮೇಷ್ಟ್ರ ಹೆಂಡತಿ.

ಅಕ್ಕ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು ಮೇಷ್ಟ್ರ ಕಡೆ ತಿರುಗಿಸಿದಳು. ತಂಗಿ ಕರೆದ ಹೆಸರು ಕಚೇರಿಯಲ್ಲೂ ಅಂಟಿಕೊಂಡು, ತನಗಿಂತ ಹಿರಿಯರಿಗೂ ಅವಳು ಅಕ್ಕನೇ ಆಗಿದ್ದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಜೀವಮಾನವಿಡೀ ರಸಾಯನಶಾಸ್ತ್ರ ಕಲಿಸಿದ ಮನುಷ್ಯನಿಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು.

ಸುತ್ತಲಿನ ಹತ್ತಾರು ಕಾಲೇಜುಗಳಿಗೆ ಸೇರಿದ ಒಂದೇ ವೆಬ್‌ಸೈಟನ್ನು ಹೊಸದಾಗಿ ಕಟ್ಟುವ ಹೊಣೆ ಅಕ್ಕನ ಕಚೇರಿಯ ಪಾಲಿಗೆ ಬಂದಿತ್ತು. ಒಂದು ಕಾಲೇಜಿನಲ್ಲಿ ಓದಿದ ವಿಷಯ ಇನ್ನೊಂದರಲ್ಲಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹೇಳುವುದು ಅದರ ಕೆಲಸ. ಕೇಳಿದ್ದಕ್ಕೆ ಆ ಕಾಲೇಜು ಉತ್ತರಿಸದಿದ್ದರೆ ಒಪ್ಪಿದೆ ಎಂದೇ ಹಳೆಯ ವ್ಯವಸ್ಥೆ ಬರೆದುಕೊಳ್ಳುತ್ತಿತ್ತು. ಮೌನಂ ಸಮ್ಮತಿ ಲಕ್ಷಣಂ! ಈ ಸೋಮಾರಿತನದಿಂದ ಕಾಳಿಗಿಂತ ಜೊಳ್ಳೇ ಜಾಸ್ತಿಯಾಗಿದೆ ಎಂದು ಸಭೆಯಲ್ಲಿ ಎದ್ದು ನಿಂತವಳು ಅಕ್ಕನೇ. ಹೊಸದರಲ್ಲಿ ಉತ್ತರ ಬರದಿದ್ದರೆ ಇಲ್ಲ ಎಂದೇ ಅರ್ಥ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅವಳ ತಂಗಿ ಹಳೆಯ ವೆಬ್‌ಸೈಟನ್ನು ನಂಬಿ, ಎರಡು ವರ್ಷ ಓದಿದ ಕಾಲೇಜು ಬಿಟ್ಟು ಮಗಳನ್ನು ಕಟ್ಟಿಕೊಂಡು ಮೇಷ್ಟ್ರ ಕಾಲೇಜಿಗೆ ಬಂದಿದ್ದಳು. ಅವಳ ವಿಷಯಗಳಿಗೆ ಒಪ್ಪಿಗೆ ಕೊಡಬೇಕಾದವರು ಈ ಮೇಷ್ಟ್ರು. ಅವರ ಜಾಗಕ್ಕೆ ಕಾಲೇಜು ಇನ್ನೂ ಯಾರನ್ನೂ ಹಾಕಿರಲಿಲ್ಲ. ಮುಂದಿನ ತಿಂಗಳು ನೋಡೋಣ ಎಂದು ಪ್ರಿನ್ಸಿಪಾಲರು ಕೈ ತೊಳೆದುಕೊಂಡಿದ್ದರು. ಹಳೆಯದು ಮುಚ್ಚುವುದು ಇವತ್ತು ಸಂಜೆ; ಅಷ್ಟರೊಳಗೆ ಮೇಷ್ಟ್ರು ಉತ್ತರಿಸದಿದ್ದರೆ, ಅಕ್ಕನೇ ತಂದ ನಿಯಮದಂತೆ ತಂಗಿ ಓದಿದ್ದು ಲೆಕ್ಕಕ್ಕೆ ಬರುವುದಿಲ್ಲ.

"ಮತ್ತೆ ಮೊದಲಿಂದ ಓದೋಕೆ ನನ್ನ ಕೈಲಾಗಲ್ಲ ಅಕ್ಕ," ಎಂದು ತಂಗಿ ಬೆಳಿಗ್ಗೆ ಹೇಳಿದ್ದಳು. "ಆಗ್ಲಿಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿಬಿಡ್ತೀನಿ."

ಮೇಷ್ಟ್ರ ಪಾಸ್‌ವರ್ಡು ಹೆಂಡತಿಗೆ ಬಾಯಿಪಾಠವಾಗಿತ್ತು. ಪುಟ ತೆರೆಯಿತು. ತಂಗಿ ಓದಿದ್ದ ಪಠ್ಯವನ್ನು ಅಕ್ಕ ನಿಧಾನವಾಗಿ ಓದಿ ಹೇಳಿದಳು.

"ಸರ್, ಇದು ನಿಮ್ಮ ಕಾಲೇಜಲ್ಲಿ ನಡೆಯುತ್ತಾ?"

"ಹೂಂ."

ಎಷ್ಟು ಸ್ಪಷ್ಟವಾದ ದನಿ! ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಂಗಿ ಗೆದ್ದಳು ಎಂದುಕೊಂಡಳು.

"ನಾನು ಹೇಳ್ಲಿಲ್ವಾ?" ಮೇಷ್ಟ್ರ ಹೆಂಡತಿಗೂ ಖುಷಿಯಾಗಿತ್ತು. ಸೆರಗಿನಿಂದ ಗಂಡನ ಬಾಯಿ ಒರೆಸುತ್ತಾ ಮೆಲ್ಲಗೆ ಕೇಳಿದರು: "ಏನ್ರೀ, ಇವತ್ತು ಮಗ ಬರ್ತಾನಾ?"

"ಹೂಂ."

ಅದೇ ದನಿ, ಅಷ್ಟೇ ಸ್ಪಷ್ಟ.

"ಮಗ ಎಲ್ಲಿದ್ದಾರಮ್ಮ?" ಎಂದಳು ಅಕ್ಕ.

"ಎಲ್ಲಿರ್ತಾನೆ ತಾಯಿ. ಮಣ್ಣು ಮಾಡಿ ಬಂದವರು ಇವರೇ." ಆಕೆ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ದಿನಾ ಒಂದ್ಸಲ ಕೇಳ್ತೀನಿ. ಬರ್ತಾನೆ ಅಂತ ಯಾರಾದ್ರೂ ಅನ್ನಲಿ ಅಂತ, ಅಷ್ಟೇ."

ಅಕ್ಕನ ಬೆರಳು ಒಪ್ಪಿಗೆ ಒತ್ತುವ ಕೀಲಿಯ ಮೇಲೇ ಇತ್ತು. ಒತ್ತಿದರೆ ಕೇಳುವವರಿಲ್ಲ. ತಂಗಿಯ ಮೇಲಿನ ಪ್ರೀತಿಗೆ ಒತ್ತಿಬಿಡಬೇಕೆನಿಸಿತು, ನಿಜ. ಆದರೆ ಆ ತಾಯಿ ದಿನವೂ ಕೇಳಿ ಪಡೆಯುವ ಹೂಂ ಅನ್ನು ಕದ್ದು ತನ್ನ ಚೀಲಕ್ಕೆ ಹಾಕಿಕೊಂಡ ಹಾಗಾಗುತ್ತದೆ ಎನಿಸಿ ಬೆರಳು ಹಿಂತೆಗೆದಳು. ಲ್ಯಾಪ್‌ಟಾಪು ಮುಚ್ಚಿದಳು.

"ಯಾಕಮ್ಮ, ಹೂಂ ಅಂದ್ರಲ್ಲ?"

"ಅಂದ್ರು ಅಮ್ಮ. ನೀವು ಕೂತ್ಕೊಳ್ಳಿ, ಏಳ್ಬೇಡಿ."

ಗೇಟು ದಾಟುವಷ್ಟರಲ್ಲಿ ತಂಗಿಯ ಫೋನು ಬಂತು.

"ಅಕ್ಕಾ, ಹೂಂ ಅಂದ್ರಾ?"

"ಅಂದ್ರು ಕಣೇ." ಅಕ್ಕ ಗೇಟು ಎಳೆದುಕೊಂಡಳು. "ಏನು ಕೇಳಿದ್ರೂ ಹೂಂ ಅಂತಾರೆ. ನನ್ನ ಕೈಲಿ ಒತ್ತೋಕೆ ಆಗ್ಲಿಲ್ಲ. ನನ್ನ ಕ್ಷಮಿಸೇ."

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಚೆ ಕಡೆ ಮಗು ಏನೋ ಗುನುಗುತ್ತಿತ್ತು. ಪರ್ರನೆ ಕಾಗದ ಹರಿದ ಸದ್ದು.

"ಏಯ್, ಅಮ್ಮನ ಪುಸ್ತಕ ಅದು, ಮುಟ್ಟಬೇಡ ಅಂದಿಲ್ವಾ!" ಎಂದು ತಂಗಿ ಅಭ್ಯಾಸಬಲದಿಂದ ಕೂಗಿದಳು. ಇನ್ನೊಂದು ಹಾಳೆ ಹರಿದ ಸದ್ದು.

"ಇರ್ಲಿ ಬಿಡು ಪುಟ್ಟಿ," ಎಂದಳು. "ಆಡ್ಕೋ."