ಅಟ್ಟದಲ್ಲಿ ಕಾಗದ ಉಜ್ಜುವ ಸದ್ದು

ಸೊಸೆ ಆ ಸುಳ್ಳು ಹೇಳಿದ್ದು ಒಂದು ಸಂಜೆಯ ಮಟ್ಟಿಗೆ. ಅದು ಎರಡು ವರ್ಷ ಮನೆಯಲ್ಲೇ ಬೀಡುಬಿಡುತ್ತದೆಂದು ಅವಳಿಗೇನು ಗೊತ್ತಿತ್ತು?

ಅತ್ತೆಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ ಇಟ್ಟ ಜಾಗ ಮರೆತರು, ಆಮೇಲೆ ಪಕ್ಕದ ಮನೆಯವರನ್ನು, ಕೊನೆಗೆ ಗಂಡ ತೀರಿಹೋದದ್ದನ್ನೇ ಮರೆತರು. ನಿಜ ಹೇಳಿದಾಗಲೆಲ್ಲ ಆಗತಾನೇ ಸುದ್ದಿ ಬಂದಂತೆ ಎದೆಯೊಡೆದು ಅಳುತ್ತಿದ್ದರು. ಒಂದೇ ಸಾವಿಗೆ ಎಷ್ಟು ಸಲ ಅಳಿಸುವುದು ಎಂದು ಸೊಸೆಗೆ ಅನ್ನಿಸುತ್ತಿತ್ತು.

ಮಾವ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದವರು. ಹಗಲೆಲ್ಲ ಪ್ರೆಸ್ಸಿನಲ್ಲಿ ದುಡಿದು, ಸಂಜೆ ಅಟ್ಟ ಹತ್ತಿ ಸ್ವಂತ ಕೆಲಸಕ್ಕೆ ಕೂರುತ್ತಿದ್ದರು. ಮಡಿಸಿದ ಹಾಳೆಗಳನ್ನು, ಮಡಿಕೆ ಗಟ್ಟಿಯಾಗಿ ಕೂರಲೆಂದು, ಮೂಳೆಯ ಪಟ್ಟಿಯಿಂದ ಉಜ್ಜುವ ಸರ್, ಸರ್ ಸದ್ದು ಕೆಳಗಿನ ಕೋಣೆಗೆ ಕೇಳಿಸುತ್ತಿತ್ತು. ಅವರು ಹೋದ ಮೇಲೆ ಅಟ್ಟಕ್ಕೆ ಬಾವಲಿಗಳು ಬಂದವು. ಅವಕ್ಕೂ ಮುಸ್ಸಂಜೆಗೇ ಬೆಳಗು. ಹಲಗೆಯ ಮೇಲೆ ಉಗುರೆಳೆಯುತ್ತ, ಸರ್, ಸರ್ ಎಂದು ಹೊರಹೋಗುವ ಗೋಡೆಯ ಸಂದಿನ ಕಡೆಗೆ ತೆವಳುತ್ತಿದ್ದವು.

ಒಂದು ಸಂಜೆ ಅತ್ತೆ ತಲೆಯೆತ್ತಿ, "ಇವರು ಕೆಲಸಕ್ಕೆ ಕೂತ್ರಾ?" ಎಂದರು. ಅವರ ಮುಖದಲ್ಲಿದ್ದ ನೆಮ್ಮದಿ ನೋಡಿ ಸೊಸೆಗೆ ನಿಜ ಹೇಳಲು ಮನಸ್ಸಾಗಲಿಲ್ಲ.

"ಹೂಂ ಅತ್ತೆ, ಕೂತ್ರು" ಎಂದುಬಿಟ್ಟಳು.

ಅಂದಿನಿಂದ ಅಳು ನಿಂತಿತು. ಆದರೆ ಈ ವರ್ಷ ಅತ್ತೆಗೆ ಕೆಮ್ಮು ಶುರುವಾಯಿತು. ಹಲಗೆಯ ಬಿರುಕುಗಳಿಂದ ಬಾವಲಿ ಹಿಕ್ಕೆಯ ಪುಡಿ ಅತ್ತೆಯ ಹಾಸಿಗೆಯ ಮೇಲೆ ಉದುರುತ್ತಿತ್ತು. ಮನೆಯಲ್ಲಿರುವುದು ಅದೊಂದೇ ಮಲಗುವ ಕೋಣೆ. ಬೇರೆಡೆ ಮಲಗಿಸಿದರೆ ಅತ್ತೆ ದಾರಿ ತಪ್ಪಿದ ಮಗುವಿನಂತೆ ಗೋಡೆ ತಡವುತ್ತಿದ್ದರು. ಅಟ್ಟ ಖಾಲಿ ಮಾಡಿಸಲೇಬೇಕು ಎಂದರು ಡಾಕ್ಟರು. ದೂರದೂರಿಗೆ ಬಸ್ಸು ಓಡಿಸುವ ಗಂಡ ಫೋನಿನಲ್ಲೇ ಹೂಂ ಎಂದ. ಅಟ್ಟ ಮೌನವಾದ ದಿನ ಅತ್ತೆಗೆ ಏನು ಹೇಳುವುದು ಎಂಬುದನ್ನು ಮಾತ್ರ ಸೊಸೆಗೆ ಯಾರೂ ಹೇಳಲಿಲ್ಲ.

ಬಾವಲಿ ಬಿಡಿಸುವವನು ಬಂದ. ನರಪೇತಲ ಆಳು, ಮಾತು ಮಾತ್ರ ದಪ್ಪ. ಟಾರ್ಚ್ ಹಿಡಿದು ಮೇಲೆ ಹೋದವನು ಬೇಗನೇ ಇಳಿದು ತಲೆಯಾಡಿಸಿದ. ಮರಿಗಳಿವೆ, ಇನ್ನೂ ರೋಮ ಬಂದಿಲ್ಲ. ಈಗ ಸಂದು ಮುಚ್ಚಿದರೆ ತಾಯಂದಿರು ಹೊರಗೆ, ಕೂಸುಗಳು ಒಳಗೆ. ಅಂಥ ಪಾಪ ತನ್ನ ಕೈಲಾಗದು, ಆರು ವಾರ ಬಿಟ್ಟು ಬರುತ್ತೇನೆ ಎಂದ. ಅಷ್ಟರಲ್ಲಿ ಸಂಜೆ ಹೊತ್ತು ಅಂಗಳದಲ್ಲಿ ನಿಂತು ಹೊರಬರುವವನ್ನು ಎಣಿಸುತ್ತಿರಬೇಕು; ಎಣಿಕೆ ಏರಿದರೆ ಮರಿಗಳು ಹಾರಿದವೆಂದು ಅರ್ಥ.

"ಅವಸರ ಮಾಡಬೇಡಿ ಅಕ್ಕ. ತಲೆಕೆಳಗಾಗಿ ಮಲಗೋರ ಹತ್ತಿರ ನಮ್ಮ ಕ್ಯಾಲೆಂಡರ್ ನಡೆಯಲ್ಲ" ಎಂದ.

ಯಾರೂ ಹೇಳದಿದ್ದರೂ ಹಳೆಯ ದುಪ್ಪಟಿಯೊಂದನ್ನು ಕೇಳಿ ಪಡೆದು, ಪುಡಿ ಉದುರದಂತೆ ಅತ್ತೆಯ ಹಾಸಿಗೆಯ ಮೇಲೆ ಅಟ್ಟದ ಹಲಗೆಗೆ ಬಿಗಿದು ಕಟ್ಟಿಕೊಟ್ಟ. ಆರು ವಾರದ ಗಡುವು ಸಿಕ್ಕಿದ್ದಕ್ಕೆ ಸೊಸೆಗೆ ಒಳಗೊಳಗೇ ಸಮಾಧಾನವಾಯಿತು. ಅತ್ತೆ ಕೆಮ್ಮಿದಾಗ ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಸಂಜೆ ಸಂಜೆ ಎಣಿಸಿದಳು. ನಲವತ್ತಮೂರು, ನಲವತ್ತೊಂದು, ಮತ್ತೆ ನಲವತ್ತಮೂರು. ಆರನೇ ವಾರ ಎಪ್ಪತ್ತು ದಾಟಿತು.

ಮರುದಿನ ಮಧ್ಯಾಹ್ನ ಅವನು ಬಂದು, ಅಂಗಳದ ಮರಕ್ಕೆ ಬಾವಲಿಗಳಿಗೆಂದು ಮರದ ಪೆಟ್ಟಿಗೆಯೊಂದನ್ನು ತೂಗುಹಾಕಿದ. ಗೋಡೆಯ ಸಂದಿನ ಮೇಲೆ ಸಣ್ಣ ಕಣ್ಣಿನ ಬಲೆ ಇಳಿಬಿಟ್ಟು, ಮೇಲೂ ಪಕ್ಕಗಳಲ್ಲೂ ಬಿಗಿದು, ಕೆಳಗೆ ಮಾತ್ರ ತೆರೆದಿಟ್ಟ. ಒಳಗಿನವು ತೆವಳಿ ಇಳಿದು ಹೊರಟುಹೋಗುತ್ತವೆ. ಮರಳಿ ಬಂದವಕ್ಕೆ ಬಾಗಿಲು ಗೊತ್ತಾಗುವುದಿಲ್ಲ. ಕೊನೆಗೊಮ್ಮೆ ಅಟ್ಟ ಪರೀಕ್ಷಿಸಲು ಹತ್ತಿದಾಗ ಅವನ ಹೆಜ್ಜೆ ಕೇಳಿ ಅತ್ತೆ, "ರೀ, ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಎಂದು ಕೂಗಿದರು. ಮೇಲೆ ಹೆಜ್ಜೆ ನಿಂತಿತು. ಆಮೇಲೆ ಮೆಲ್ಲಗೆ "ಹ್ಞೂಂ" ಎಂದು ಕೇಳಿಸಿತು. ಅವನು ಇಳಿದು ಬಂದ. ವಾರ ಬಿಟ್ಟು ಬಂದು ಗಾರೆ ಮೆತ್ತುತ್ತೇನೆಂದು ಹೇಳಿ, ಹೊರಟ ಹೆಜ್ಜೆ ಅತ್ತೆಗೆ ಕೇಳಿಸದಂತೆ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಅಂಗಳ ದಾಟಿದ.

ಅಂದು ಸಂಜೆ ಕೊನೆಯ ಸರ್, ಸರ್ ಕೇಳಿಸಿತು. ಮರುದಿನ ಮುಸ್ಸಂಜೆ ಅಟ್ಟ ಉಸಿರೆತ್ತಲಿಲ್ಲ.

"ಇವರು ಇನ್ನೂ ಬಂದಿಲ್ವಾ?" ಎಂದು ಅತ್ತೆ ಒಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ಮೂರನೆಯ ಸಲಕ್ಕೆ ದನಿ ನಡುಗಿತು. ಸೊಸೆಗೆ ತಡೆಯಲಾಗಲಿಲ್ಲ. ನೀರು ತರುತ್ತೇನೆಂದು ಹೊರಗೆ ಬಂದು, ಏಣಿ ಹತ್ತಿ, ಮಾವನ ಡಬ್ಬಿಯಿಂದ ಮೂಳೆಯ ಪಟ್ಟಿ ಹುಡುಕಿ, ಹಳೆಯ ಹಾಳೆಯೊಂದನ್ನು ಹಲಗೆಯ ಮೇಲಿಟ್ಟು ಉಜ್ಜಿದಳು. ಸರ್, ಸರ್. ಕತ್ತಲಲ್ಲಿ ಮೊಣಕಾಲೂರಿ, ತೋಳು ಸೋಲುವ ತನಕ ಉಜ್ಜಿದಳು.

ಇಳಿದು ಬಂದಾಗ ಅತ್ತೆ ಎದ್ದು ಕೂತಿದ್ದರು. ಕಣ್ಣು ಎಂದಿಗಿಂತ ತಿಳಿಯಾಗಿತ್ತು.

"ಅದು ನೀನು" ಎಂದರು. "ಇವರು ಒಂದು ಹಾಳೆಗೆ ಪಟ್ಟಿ ಎಳೆಯೋದು ಒಂದೇ ಸಲ, ಆಮೇಲೆ ಹಾಳೆ ಬದಲಿಸೋರು. ಎರಡನೇ ಸಲ ಉಜ್ಜಿದರೆ ಕಾಗದಕ್ಕೆ ಅವಮಾನ ಅನ್ನೋರು."

ಎರಡು ವರ್ಷ ಬಾವಲಿಗಳಿಂದ ನಡೆದ ಸುಳ್ಳು ತನ್ನ ಕೈಯಿಂದ ಒಂದು ಗಳಿಗೆಯೂ ನಡೆಯಲಿಲ್ಲ. ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತಳು.

"ಅವರು ಹೋಗಿ ಎಷ್ಟು ದಿನ ಆಯ್ತು?"

"ನಾಲ್ಕು ವರ್ಷ, ಅತ್ತೆ."

ಸೊಸೆ ಅಳುವಿಗಾಗಿ ಕಾದಳು. ಅತ್ತೆ ಹೊದಿಕೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದರು.

"ಆಗ ನಾನು ಅತ್ತಿದ್ನಾ?"

"ಅತ್ತಿದ್ರಿ. ಅವರ ಕೈ ಬಿಡದೆ ಬೆಳಗಿನ ತನಕ ಅತ್ತಿದ್ರಿ."

"ಅಷ್ಟು ಸಾಕು ಬಿಡು. ಅಳದೆ ಕಳಿಸಿಬಿಟ್ಟೆನೇನೋ ಅಂತ..." ಎಂದು ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ, "ನಾಳೆ ಮತ್ತೆ ಕೇಳ್ತೀನೇನೋ, ಬೇಜಾರು ಮಾಡ್ಕೋಬೇಡ. ಹೇಳುವಾಗ ಅತ್ತಿದ್ದೂ ಸೇರಿಸಿ ಹೇಳು. ಆ ಏಣಿ ಹತ್ತಬೇಡ, ಮೂರನೇ ಮೆಟ್ಟಿಲು ಅಲ್ಲಾಡ್ತದೆ" ಎಂದರು.

ಮರುದಿನ ಮುಸ್ಸಂಜೆ ಅತ್ತೆ ಕೇಳಿಯೇ ಕೇಳಿದರು. ಸೊಸೆ ಹೇಳಿದಳು, ಅತ್ತಿದ್ದನ್ನೂ ಸೇರಿಸಿಯೇ ಹೇಳಿದಳು. ಅತ್ತೆ ಬಹಳ ಹೊತ್ತು ತಲೆಯ ಮೇಲೆ ಕಟ್ಟಿದ ದುಪ್ಪಟಿಯನ್ನೇ ನೋಡುತ್ತ, ಸದ್ದಿಲ್ಲದೆ ಅತ್ತರು. ಆಮೇಲೆ ಗೋಡೆಯ ಕಡೆಗೆ ಸರಿದು, ಸೊಸೆಗೆ ಮಲಗಲು ಜಾಗ ಬಿಟ್ಟರು.