ಯಮನೂರಮ್ಮನ ಎತ್ತುಗಳು ಕಾಣೆಯಾದ ದಿನ

ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ಹೊಗೆ ಜಾಸ್ತಿ. ಆ ಸೋಮವಾರ ಬೆಳಿಗ್ಗೆ ಸಿಂಧನೂರಿನ ಭಾರತಿಗೆ ಯಾರಾದರೂ ಇದನ್ನು ಹೇಳಬೇಕಿತ್ತು. ಹೇಳಿದ್ದರೂ ಕೇಳುವ ಹುಡುಗಿಯಲ್ಲ, ಅದು ಬೇರೆ ಮಾತು.

ಅವಳು ಕೆಲಸ ಮಾಡುವ ಕಂಪ್ಯೂಟರ್ ಅಂಗಡಿ ಸುತ್ತಲಿನವರ ವೆಬ್‌ಸೈಟುಗಳನ್ನೆಲ್ಲ ಒಂದೇ ಸರ್ವರಿನಲ್ಲಿ ನಡೆಸುತ್ತದೆ. ಅವುಗಳಲ್ಲಿ ಮಸ್ಕಿಯ ಯಮನೂರಮ್ಮನದೂ ಒಂದು. ಆಕೆಗೆ ಎರಡು ಜೋಡಿ ಎತ್ತು. ಕುಂಟೆ ಹೊಡೆಯಲು ಬಾಡಿಗೆಗೆ ಕಳಿಸುತ್ತಾಳೆ. ರೈತರು ಮೊಬೈಲಿನಲ್ಲಿ ಸೈಟು ತೆರೆದು ಜೋಡಿ ಬುಕ್ ಮಾಡುತ್ತಾರೆ. ಅದನ್ನು ಬರೆದವಳು ಮೊದಲು ಇದೇ ಅಂಗಡಿಯಲ್ಲಿದ್ದ ಪದ್ಮಾವತಿ, ಪಿಎಚ್‌ಪಿ ಎಂಬ ಭಾಷೆಯ ಐದನೇ ಆವೃತ್ತಿಯಲ್ಲಿ. ಈಗ ಅವಳು ಲಿಂಗಸುಗೂರಿನ ಶಾಲೆಯಲ್ಲಿ ಮೇಡಂ.

ಹೊಸದಾಗಿ ಬಂದ ಬೀಜದಂಗಡಿಯವರ ಸೈಟಿಗೆ ಅದೇ ಭಾಷೆಯ ಎಂಟನೇ ಆವೃತ್ತಿಯೇ ಬೇಕಿತ್ತು.

"ಎರಡೂ ಒಂದರಾಗ ನಡಸು. ಆಗಲಿಲ್ಲಂದ್ರ ನಾಳೆ ಆ ಎತ್ತಿಂದು ಕಿತ್ತಾಕು," ಎಂದ ಮಾಲೀಕ ಮಲ್ಲೇಶ.

ಭಾರತಿ ಐದರ ಪಕ್ಕದಲ್ಲಿ ಎಂಟನ್ನು ಕೂರಿಸಿದಳು. ಬೀಜದಂಗಡಿ ತೆರೆಯಿತು. ಯಮನೂರಮ್ಮನ ಪುಟವೂ ತೆರೆಯಿತು, ಆದರೆ ಎತ್ತುಗಳೇ ಇಲ್ಲ! ಇರಬೇಕಾದ ಜಾಗ ಬಟಾಬಯಲು. ಯಾವ ಆವೃತ್ತಿ ನಡೆಯುತ್ತಿದೆ ಎಂದು ಸರ್ವರಿಗೆ ಕಮಾಂಡ್ ಕೊಟ್ಟು ಕೇಳಿದರೆ ಎಂಟು ಎಂದಿತು. ಬ್ರೌಸರಿನಲ್ಲಿ ನೋಡಿದರೆ ಐದು ಎಂದಿತು. ಯಾವುದನ್ನು ನಂಬುವುದು? ಸೆಟ್ಟಿಂಗ್ ಬದಲಿಸಿದಳು, ಬೀಜದಂಗಡಿ ಬಿತ್ತು. ಅದನ್ನು ಎಬ್ಬಿಸಿದಳು, ಎತ್ತುಗಳು ಮಾತ್ರ ಬರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪದ್ಮಾವತಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ತಲೆ ಚಿಟ್ಟು ಹಿಡಿದು, ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ಯಮನೂರಮ್ಮನಿಗೇ ಫೋನ್ ಹಚ್ಚಿದಳು.

"ಯವ್ವಾ, ನಿಮ್ಮ ಸೈಟು ನಿಂತೈತ್ರಿ. ಹಳೇ ಭಾಷಾದ್ದು, ಇನ್ನ ನಡಿಯೂದಿಲ್ಲ. ಬ್ಯಾರೆ ದಾರಿ ನೋಡ್ಕೋರಿ."

"ಹೌದೇನ ಮಗಳ? ಮೊದಲ ಎಲ್ಲಾರೂ ಟ್ಯಾಕ್ಟರ್ ಕಡೀಗೆ ಹೊಂಟಾರ. ಇದು ಇತ್ತಂತ ನಾಕು ಮಂದಿ ಕೇಳ್ತಿದ್ರು. ಇನ್ನ ಯಾರು ಕೇಳ್ತಾರ?"

"ನಾ ಏನ್ ಮಾಡ್ಲಿರಿ? ನನಗೂ ತಿಳಿವಲ್ದು," ಎಂದಳು ಭಾರತಿ. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಮರುದಿನ ಸೈಟನ್ನು ಕಿತ್ತುಹಾಕಲೆಂದೇ ಕುಳಿತಳು. ಕೊನೆಯ ಸಲ ನೋಡೋಣವೆಂದು ಪುಟ ತೆರೆದರೆ ಎರಡೂ ಜೋಡಿ ಎತ್ತು ಅಲ್ಲೇ ನಿಂತಿವೆ! ಬೆಳಿಗ್ಗೆಯಿಂದ ಅವಳು ಏನನ್ನೂ ಮುಟ್ಟಿರಲಿಲ್ಲ. ನಿನ್ನೆ ಎಲ್ಲಿಗೆ ಹೋಗಿದ್ದವು, ಇವತ್ತು ಹೇಗೆ ಬಂದವು? ಕೆಟ್ಟದ್ದಕ್ಕಿಂತ ಸರಿಯಾದದ್ದೇ ಅವಳಿಗೆ ಹೆಚ್ಚು ಗಾಬರಿ ಹುಟ್ಟಿಸಿತು. ಅಷ್ಟರಲ್ಲಿ ಪದ್ಮಾವತಿಯೇ ಫೋನ್ ಮಾಡಿದಳು. ಭಾರತಿ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು.

"ನಿನ್ನೆ ಸೋಮಾರ ಅಲ್ಲೇನ ಬೇ?" ಪದ್ಮಾವತಿ ನಕ್ಕಳು. "ಸೋಮಾರ ಎತ್ತಿನ ಹೆಗಲಿಗೆ ಯಾರರ ನೊಗ ಇಡ್ತಾರೇನು? ಅವತ್ತ ಎತ್ತು ತೋರಸಬಾರ್ದು ಅಂತ ನಾನ ಬರದೀನಿ."

ಭಾರತಿ ಹಣೆ ಬಡಿದುಕೊಂಡಳು. ತುರ್ವಿಹಾಳದಲ್ಲಿ ಹುಟ್ಟಿ ಬೆಳೆದವಳಿಗೆ ಬಸವಣ್ಣನ ವಾರ ಗೊತ್ತಿಲ್ಲದ್ದೇನಲ್ಲ. ಆದರೆ ಸರ್ವರಿನೊಳಗೂ ಎತ್ತಿಗೆ ರಜೆ ಇರುತ್ತದೆಂದು ಯಾರಿಗೆ ಹೊಳೆದೀತು? ಐದೂ ಸರಿ ಇತ್ತು, ಎಂಟೂ ಸರಿ ಇತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ನೋಡುತ್ತಿದ್ದಂತೆಯೇ ಪುಟದಲ್ಲಿ ಒಂದಾದ ಮೇಲೊಂದು ಎರಡು ಬುಕಿಂಗ್ ಬಿದ್ದವು. ಕೂಡಲೇ ಮಸ್ಕಿಗೆ ಫೋನ್ ಮಾಡಿದಳು.

"ಯವ್ವಾ, ಸೈಟು ಕೆಟ್ಟೇ ಇರಲಿಲ್ರಿ! ಈಗ ನಡಿಯಾಕತ್ತೈತಿ. ನಾಳಿಗೆ ಎರಡೂ ಜೋಡಿ ಬುಕ್ ಆಗ್ಯಾವು!"



"ಎರಡು ಎಲ್ಲಿವ ಮಗಳ?" ಎಂದಳು ಯಮನೂರಮ್ಮ. "ಇನ್ನ ನಡಿಯೂದಿಲ್ಲ ಅಂದ್ಯಲ್ಲ, ನಿನ್ನೆ ಸಂಜಿಕ ಕೆಂದೆತ್ತಿನ ಜೋಡಿ ಮಾರಿಬಿಟ್ಟೆ. ಒಯ್ಯಾಕ ಬಂದ ಗಾಡಿ ಹತ್ತವಲ್ಲವು. ನಾನ ಮೈ ಸವರಿ ಹತ್ತಿಸಿ ಕಳಿಸಿದೆ."